ಗಾಲಿಯ ಕೆಳಗಿನ ನಿಂಬೆಹಣ್ಣು

ನಾಲ್ಕು ನಿಂಬೆಹಣ್ಣಿನ ಸಲುವಾಗಿ ಹಬ್ಬದ ದಿನ ಬೆಳಗ್ಗೆಯೇ ಮಾವನ ಜೊತೆ ಜಗಳಕ್ಕೆ ನಿಲ್ಲಬೇಕಾಗುತ್ತದೆ ಎಂದು ಮಹಾನಂದಾಳಿಗೆ ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟಿರಲಿಲ್ಲ. ಭೂಕಂಪನದ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಹೆಂಗಸು. ನೆಲದೊಳಗೆ ಕಲ್ಲು ಸಡಿಲಾಗುವ ಸದ್ದನ್ನು ಮೇಲಿನಿಂದಲೇ ಕೇಳಿಸಿಕೊಳ್ಳುವ ಯಂತ್ರ ಕಟ್ಟಿದವಳು. ಅಂಥವಳು ಆವತ್ತು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಏಳೂವರೆಗೆ, ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಮಾವಾರ, ಆ ಹಣ್ಣು ಚೀಲದಿಂದ ತಗೀರಿ" ಎಂದು ನಾಲ್ಕನೇ ಸಲ ಹೇಳುತ್ತಿದ್ದಳು.

ಮಾವ ರೇವಣಸಿದ್ದಪ್ಪನವರು ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಎಪ್ಪತ್ನಾಲ್ಕು ವಯಸ್ಸು, ಕನ್ನಡಕವಿಲ್ಲ, ಬಗ್ಗದ ಬೆನ್ನು, ಬಗ್ಗದ ಮಾತು. ದೇವರ ಮುಂದಿಟ್ಟು ಕುಂಕುಮ ಹಚ್ಚಿದ ನಾಲ್ಕು ನಿಂಬೆಹಣ್ಣನ್ನು ವಸ್ತ್ರದಲ್ಲಿ ಕಟ್ಟಿ ಕೈಚೀಲಕ್ಕೆ ಹಾಕಿಕೊಂಡಿದ್ದರು.

"ಮೂವತ್ನಾಕು ವರ್ಷ ಬಸ್ ಹೊಡದೀನಿ. ಒಂದು ನಾಯಿಮರಿಗೆ ತಾಗಿಸಿಲ್ಲ. ಯಾಕ? ವರ್ಷಾ ಖಂಡೇಪೂಜಿಗೆ ನಾಕೂ ಗಾಲಿಗೆ ನಿಂಬಿಹಣ್ಣ ಇಟ್ಟು ಹಾಯಿಸೀನಿ, ಅದಕ್ಕ."

"ಅದು ನಿಮ್ಮ ಬಸ್ಸು. ಇದು ಬಾಡಿಗಿ ಕಾರು. ಇದರ ಗಾಲಿ ನೆಲದ ಸದ್ದು ಕೇಳತೈತಿ. ನಿಂಬಿಹಣ್ಣ ಗಾಲಿ ಕೆಳಗ ಒಡದ್ರ, ಅದಕ್ಕ ನೆಲಾನ ಒಡೀತು ಅನಸ್ತೈತಿ."

"ಹಂಗಾರ ಅದಕ್ಕ ತಿಳಿಸಿ ಹೇಳು. ನೀನಲ್ಲೇನು ಅದರ ಮಾಸ್ತರಣಿ?"

ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಗೌರಾಬಾಯಿ ನಕ್ಕರು. ರೇವಣಸಿದ್ದಪ್ಪನವರ ಅಕ್ಕ ಅವರು. ಸೊಲ್ಲಾಪುರಕ್ಕೆ ಕೊಟ್ಟು ಅರವತ್ತು ವರ್ಷ ಆಗಿತ್ತು. ಆ ಅರವತ್ತು ವರ್ಷವೂ ತವರಿಗೆ ಬಂದಾಗಲೆಲ್ಲ "ಈ ಸಲ ಇಬ್ರಾಹಿಂ ರೋಜಾ ನೋಡೂನು" ಎನ್ನುವುದು, ತಮ್ಮ "ಮುಂದಿನ ಸಲ ಅಕ್ಕಾ, ಇವತ್ತು ಡ್ಯೂಟಿ ಐತಿ" ಎನ್ನುವುದು. ನಿವೃತ್ತರಾದ ಮೇಲೂ ಏನಾದರೊಂದು ಡ್ಯೂಟಿ ಇದ್ದೇ ಇರುತ್ತಿತ್ತು. ಹುಟ್ಟಿದ ಊರಿನ ಗೋಳಗುಮ್ಮಟವನ್ನು ಆಕೆ ಬಸ್ಸಿನ ಕಿಟಕಿಯಿಂದ ಬಿಟ್ಟರೆ ಬೇರೆ ನೋಡಿರಲಿಲ್ಲ. ಈ ಸಲ ತಮ್ಮನ ನೆಪಗಳು ಮುಗಿದಿದ್ದವು. ಕಾರು ಬಾಡಿಗೆಗೆ ಹೇಳಿಯಾಗಿತ್ತು. ಓಡಿಸುವವರು ಅವರೇ, ಬೇರೆಯವರು ಓಡಿಸುವ ಗಾಡಿಯಲ್ಲಿ ರೇವಣಸಿದ್ದಪ್ಪನವರು ತಮ್ಮ ಮದುವೆಯ ಮೆರವಣಿಗೆಯಲ್ಲೂ ಕೂತಿರಲಿಲ್ಲವಂತೆ.

ಮಾತಿನಲ್ಲಿ ಸೋತು ಗೊತ್ತಿದ್ದ ಮಹಾನಂದಾ ಮತ್ತೆ ವಾದಕ್ಕೆ ಹೋಗಲಿಲ್ಲ. ಮಾವ ಬೂಟು ಹಾಕಿಕೊಳ್ಳಲು ಪಡಸಾಲೆಗೆ ಹೋದಾಗ ವಸ್ತ್ರದ ಗಂಟು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅವರು ತಿರುಗಿ ಬಂದು ಚೀಲ ಎತ್ತಿದವರೇ ಹಗುರವಾದದ್ದನ್ನು ಗುರುತಿಸಿದರು. ಒಳಗೆ ನೋಡಿದರು, ಸೊಸೆಯನ್ನು ನೋಡಿದರು.

"ಅಕ್ಕಾ, ಆಕಿಗೆ ಹೇಳು. ಇವತ್ತಿನಿಂದ ನಾ ಆಕಿ ಜೋಡಿ ಮಾತಾಡಂಗಿಲ್ಲ."

"ಎದುರಿಗೇ ನಿಂತಾಳಲ್ಲೋ ರೇವಣ್ಯಾ."

"ನೀ ಹೇಳು."

ಗೌರಾಬಾಯಿ ಚಹಾದ ಬಟ್ಟಲು ಕೆಳಗಿಟ್ಟು, "ನಿನ್ನ ಜೋಡಿ ಮಾತಾಡಂಗಿಲ್ಲಂತವಾ" ಎಂದರು. ಎಂಟು ಗಂಟೆಗೆ ಅಕ್ಕ ತಮ್ಮ ಹೊರಟರು. ಲೇತ್ ಅಂಗಡಿಯ ಪೂಜೆಗೆ ಹೊರಟಿದ್ದ ಗಂಡ ಮಾತ್ರ ಹೆಂಡತಿಯನ್ನು ನೋಡಿ, "ನಾಕು ನಿಂಬಿಹಣ್ಣಿಗೆ ಇಷ್ಟು ಮಾಡಬೇಕಿತ್ತೇನ?" ಎಂದು ಕೇಳಿ, ಅವಳ ಮುಖ ನೋಡಿ, ಉತ್ತರಕ್ಕೆ ಕಾಯದೆ ಹೋದ.

ಇಷ್ಟು ಮಾಡಬೇಕಿತ್ತು. ಯಾಕೆಂದರೆ ಆರು ವರ್ಷದಿಂದ ವಿಜಯಪುರದ ಹಳೇ ಊರೊಳಗೆ ಪೆಟ್ರೋಲು ಡೀಸೆಲಿನ ಗಾಡಿ ಬಿಡುತ್ತಿರಲಿಲ್ಲ. ಊರು ನೋಡಲು ಬಂದವರು ತಮ್ಮ ಗಾಡಿಯನ್ನು ಹೊರಗೆ ನಿಲ್ಲಿಸಿ, ಪುಟ್ಟ ಕರೆಂಟಿನ ಕಾರೊಂದನ್ನು ಬಾಡಿಗೆಗೆ ಪಡೆದು, ತಾವೇ ಓಡಿಸಿಕೊಂಡು ಗುಮ್ಮಟ, ಮೆಟ್ಟಿಲುಬಾವಿಯ ಬಾವಡಿ, ಬುರುಜು ಎಲ್ಲ ಸುತ್ತಬೇಕು. ತಾಸಿಗೆ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ವೇಗವಿಲ್ಲ. ಕಳೆದ ಹತ್ತು ತಿಂಗಳಿಂದ ಹಾರ್ನೂ ಇಲ್ಲ, ಯಾಕೆಂದರೆ ಆಗಲೇ ಈ ಕಾರುಗಳ ಗಾಲಿಗೆ ಮಹಾನಂದಾಳ ಯಂತ್ರ ಕೂಡಿತ್ತು, ಹಾರ್ನಿನ ಸದ್ದು ಅದಕ್ಕೆ ಅಡ್ಡಿ. ಹೆಸರು ನೆಲಗಿವಿ. ಪ್ರತಿ ಗಾಲಿಯೊಳಗೆ ಅಕ್ಕಿಕಾಳಿನಷ್ಟು ಒಂದು ಕಿವಿ. ಹಳೇ ಗೋಡೆಯ ಪಾಯ, ಮುಚ್ಚಿಹೋದ ನೀರಿನ ಕಾಲುವೆ, ಮಣ್ಣಿನಡಿಯ ಪೊಳ್ಳು, ಇವುಗಳ ಮೇಲೆ ಗಾಲಿ ಹಾಯುವಾಗ ಎಲ್ಲಾದರೂ ಕಲ್ಲು ಜರುಗಿದರೆ 'ಟಪ್' ಎಂದು ಒಂದು ಸಣ್ಣ ಸದ್ದು, ಬೆನ್ನಿಗೇ ಗಾಲಿ ಕೂದಲೆಳೆಯಷ್ಟು ಕೆಳಗೆ ಕುಸಿಯುವುದು. ಅದು ಕೇಳಿದ ಕೂಡಲೇ ನಿಯಂತ್ರಣ ಕೊಠಡಿಗೆ ಎಚ್ಚರಿಕೆ ಹೋಗಿ, ಸುತ್ತಲಿನ ಕಾರುಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ. ಇನ್ನೂರ ನಲವತ್ತು ಕಾರು ದಿನವಿಡೀ ಊರ ಮೈಯನ್ನು ವೈದ್ಯರು ಹೊಟ್ಟೆ ತಟ್ಟಿ ನೋಡಿದ ಹಾಗೆ ತಟ್ಟಿ ನೋಡುತ್ತಿದ್ದವು.

ಒಂದೇ ತೊಂದರೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದರೆ ಮೊದಲು ಸಿಪ್ಪೆ ತಡೆಯುತ್ತದೆ, ಆಮೇಲೆ 'ಟಪ್' ಎಂದು ಒಡೆಯುತ್ತದೆ, ಗಾಲಿ ಕೆಳಗಿಳಿಯುತ್ತದೆ. ಜರುಗಿದ ಕಲ್ಲೂ ಒಡೆದ ನಿಂಬೆಹಣ್ಣೂ ನೆಲಗಿವಿಗೆ ಒಂದೇ. ಹೋದ ತಿಂಗಳು ಹೊಸ ಕಾರು ಬಂದಾಗ ಬಾಡಿಗೆ ಕಾರುಗಳ ನಿಲ್ದಾಣದ ಯಾರೋ ನಿಂಬೆಹಣ್ಣಿಟ್ಟಿದ್ದರು, ಆಗ ಈ ವಿಷಯ ಗೊತ್ತಾಗಿತ್ತು. ಅಲ್ಲಿಯವರೆಗೆ ಗೊತ್ತಾಗಲು ಕಾರಣವೇ ಇರಲಿಲ್ಲ. ಯಾರದೂ ಅಲ್ಲದ ಬಾಡಿಗೆ ಗಾಡಿಗೆ ಅಮಾವಾಸ್ಯೆಯ ನಿಂಬೆಹಣ್ಣು ಯಾರಿಡುತ್ತಾರೆ? ಆದರೆ ಖಂಡೇಪೂಜೆಯ ಮಾತು ಬೇರೆ. ಆವತ್ತು ತಕ್ಕಡಿಗೂ ಪೂಜೆ, ಹೊಲಿಗೆ ಯಂತ್ರಕ್ಕೂ ಪೂಜೆ.

ಅದಕ್ಕೇ ಮಹಾನಂದಾ ವಾರದ ಹಿಂದೆಯೇ ನಿಲ್ದಾಣದಲ್ಲಿ ದೊಡ್ಡ ಅಕ್ಷರದ ಫಲಕ ಹಾಕಿಸಿದ್ದಳು: ಗಾಲಿಗೆ ನಿಂಬೆಹಣ್ಣು ಇಡಬಾರದು. ಒಂಬತ್ತು ಗಂಟೆಗೆ ಕೆಲಸಕ್ಕೆ ಹೋಗುವಾಗ ನೋಡಿದರೆ ಆ ಫಲಕಕ್ಕೇ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. 'ಬಾರದು' ಎಂಬುದು ಹಾರದ ಹಿಂದೆ ಹೋಗಿತ್ತು. ಸಾಲಾಗಿ ನಿಂತ ಕಾರುಗಳ ಗಾಲಿಗಳ ಹತ್ತಿರ ನೆಲವೆಲ್ಲ ನಿಂಬೆರಸ.

"ಮೇಡಂ, ಬೋರ್ಡ್ ಓದೀವ್ರಿ," ಎಂದ ನಿಲ್ದಾಣದವನು. "ಆದ್ರ ಗಾಡಿಗೆ ಪೂಜಿ ಬ್ಯಾಡಂದ್ರ ಹೆಂಗ್ರಿ? ನಿಮ್ಮ ಮಾತಿಗೆ ಬೆಲೆ ಕೊಟ್ಟು ನಾಕಕ್ಕ ಇಡೂದು ಬಿಟ್ಟು ಎರಡ ಗಾಲಿಗೆ ಇಟ್ಟೀವಿ."

ಹಾರವನ್ನು 'ಬಾರದು' ಕಾಣುವಷ್ಟು ಸರಿಸಿ ಮಹಾನಂದಾ ಮೆಟ್ಟಿಲು ಹತ್ತಿದಳು.

ನಿಯಂತ್ರಣ ಕೊಠಡಿಯಲ್ಲಿ ರೇಷ್ಮಾ ಮುಜಾವರ ಎರಡೂ ಕಿವಿಗೆ ಫೋನು ಹಿಡಿದು ಕೂತಿದ್ದಳು. ಹಗಲು ಪಾಳಿಯಲ್ಲಿ ಪರದೆ ಕಾಯುವವಳು ಅವಳು. ಗೋಡೆಯಗಲದ ಪರದೆಯ ಮೇಲೆ ಊರಿನ ನಕ್ಷೆ, ಅದರ ತುಂಬ ಕೆಂಪು ಚುಕ್ಕೆ.

"ನಲವತ್ತೊಂದು ಎಚ್ಚರಿಕಿ ಬಂದಾವ್ರಿ ಮೇಡಂ. ಇನ್ನೂ ಒಂಬತ್ತೂಕಾಲು. ಬುರುಜಿನ ಮುಂದ ಪುಣೆದ ಕುಟುಂಬದ್ದು ಕಾರು ನಿಂತು ಅರ್ಧ ತಾಸಾತು. ನಡಕೊಂಡು ಹೋಗ್ರಿ ಅಂದ್ರ, ರೊಕ್ಕ ಕೊಟ್ಟಿದ್ದು ನಡ್ಯಾಕಲ್ಲ ಅಂತಾರ."

ಅಷ್ಟರಲ್ಲಿ ಸಹಾಯದ ಗಂಟೆ 'ಟಿಣ್' ಎಂದಿತು. ಪ್ರತಿ ಕಾರಿನ ಸ್ಟಿಯರಿಂಗಿನ ನಡುವೆ ಒಂದು ಗುಂಡಿ ಇರುತ್ತದೆ; ತೊಂದರೆಯಾದವರು ಅದನ್ನು ಒತ್ತಿದರೆ ಕೊಠಡಿಯವರ ಜೊತೆ ಮಾತಾಡಬಹುದು. ಗಂಟೆ ಬಂದದ್ದು ನೂರಾ ಹದಿನೇಳನೇ ಕಾರಿನಿಂದ.

"ನಮಸ್ಕಾರ, ಏನು ಸಹಾಯ ಬೇಕಾಗಿತ್ತು?" ಎಂದಳು ರೇಷ್ಮಾ.

"ಸರಿ ಅತ್ಲಾಗ, ಎಮ್ಮಿ ಹೊಡಕೊಂಡು ನಡುವ ನಿಂತಾನ," ಎಂದಿತು ಮಹಾನಂದಾಳಿಗೆ ಚೆನ್ನಾಗಿ ಪರಿಚಯವಿದ್ದ ದನಿ. ಆಮೇಲೆ ಸಂಪರ್ಕ ಕಡಿಯಿತು.

"ನಿಮ್ಮ ಮಾವಾರು," ಎಂದಳು ರೇಷ್ಮಾ ನಗು ತಡೆದುಕೊಂಡು. "ಅದು ಹಾರ್ನ್ ಅಂತ ತಿಳಕೊಂಡಾರ. ಇದು ಒಂಬತ್ತನೇ ಸಲ. ನೂರಾ ಹದಿನೇಳ ಬೇಕಂತ ನಿಲ್ದಾಣದಾಗ ನಲವತ್ತು ನಿಮಿಷ ಕಾದ್ರಂತ."

ಮಹಾನಂದಾ ಹಣೆ ಹಿಡಿದುಕೊಂಡಳು. ನೂರಾ ಹದಿನೇಳು ಮಾವನ ಕೊನೆಯ ಬಸ್ಸಿನ ಸಂಖ್ಯೆ.

ಆ ಬೆಳಗಿನ ಉಳಿದ ಹೊತ್ತು ಹೀಗೇ ಹೋಯಿತು. ಎಚ್ಚರಿಕೆ, ಬೈಗುಳ, ಗಂಟೆ. ಗೋಳಗುಮ್ಮಟದ ಹತ್ತಿರ, ಊರು ಪರಿಚಯಿಸಲು ಕಾರಿನೊಳಗೆ ಇಟ್ಟಿದ್ದ ದನಿ ಕಟ್ಟಡದ ಅಳತೆ ಹೇಳುತ್ತಿದ್ದರೆ ಮಾವ ಅದಕ್ಕೇ ತಿರುಗಿ ಹೇಳುತ್ತಿದ್ದರು: "ನಿನ್ನ ಹುಟ್ಟಿಸಿದಾಕಿ ನಮ್ಮ ಮನಿ ಸೊಸಿ. ನನಗ ಊರು ತೋರಸ್ತಿ ಏನ ನೀ?" ಇಬ್ರಾಹಿಂ ರೋಜಾದ ಮುಂದೆ ಮತ್ತೆ ಗಂಟೆ. ಈ ಸಲ ಬೈಗುಳವಿಲ್ಲ, ಗೌರಾಬಾಯಿಯ ದನಿ ಮಾತ್ರ: "ಇಷ್ಟ ಚಂದ ಇಟ್ಟಕೊಂಡು ಅರವತ್ತು ವರ್ಷ ಡ್ಯೂಟಿ ಐತಿ ಡ್ಯೂಟಿ ಐತಿ ಅಂದ್ಯಲ್ಲೊ, ಹಡಬಿಟ್ಟಿ." ಅಷ್ಟು ಹೊತ್ತಿನಲ್ಲಿ ಮಹಾನಂದಾ ನಕ್ಕದ್ದು ಅದೊಂದೇ ಸಲ.

ಹನ್ನೊಂದಕ್ಕೆ ಮೇಲಧಿಕಾರಿ ಇನಾಮದಾರರು ಬಂದರು. ರೇಷ್ಮೆ ಜುಬ್ಬಾ, ಹಣೆಗೆ ನಾಮ, ಕೈಯಲ್ಲಿ ಪ್ರಸಾದದ ಪುಡಿಕೆ. ಮಾತು ಮೆತ್ತಗೆ, ಅದೇ ಹೆಚ್ಚು ಸಿಟ್ಟು ಬರಿಸುವಂಥದು.

"ಮಹಾನಂದಾ ಅವರೇ, ಹಬ್ಬದ ದಿನ ಊರಿಗೆ ಊರೇ ನಿಂತದ. ಎಲ್ಲಾ ಕಡೆಯಿಂದ ಫೋನು. ಇದನ್ನ ಇವತ್ತು ಬಂದ್ ಮಾಡ್ರಿ."

"ಬಂದ್ ಮಾಡಾಕ ಬರೂದಿಲ್ರಿ ಸರ್. ಹಕೀಮ ಕಮಾನಿಂದು ನಿಮಗ ಗೊತ್ತೈತಿ."

ಗೊತ್ತಿತ್ತು. ಹಳೇ ಪೇಟೆಯ ದಾರಿಯ ಮೇಲಿನ ಹಕೀಮ ಕಮಾನಿನ ಬುಡದಲ್ಲಿ ಮೂರು ವಾರದಲ್ಲಿ ಎರಡು ಸಲ ಆ 'ಟಪ್' ಕೇಳಿತ್ತು. ಈ ವರ್ಷದ ಮಳೆಗೆ ಅದರ ಕೆಳಗಿನ ಹೂತುಹೋದ ಕಾಲುವೆಗೆ ನೀರು ನುಗ್ಗಿ ಪಾಯ ಸಡಿಲಾಗಿದೆ ಎಂದು ಮಹಾನಂದಾ ಬರೆದುಕೊಟ್ಟಿದ್ದಳು. ದಾರಿ ಮುಚ್ಚಿ ಎಂದಿದ್ದಳು. ಹಬ್ಬದ ಸಂತೆ ನಡೆಯುವುದೇ ಆ ಕಮಾನಿನ ನೆರಳಿನಲ್ಲಿ; ಹೂವಿನವರು, ಕುಂಬಳಕಾಯಿಯವರು, ಎಲ್ಲ ಸೇರಿ ನೂರು ಮಂದಿ. ದಸರಾ ಮುಗಿಯಲಿ ನೋಡೋಣ ಎಂದು ಕಡತ ತಿರುಗಿ ಬಂದಿತ್ತು. ಮೂರನೇ ಸಲ ಸದ್ದು ಬಂದರೆ ಕಮಾನು ತಾಸೊಪ್ಪತ್ತು ನಿಲ್ಲುವುದೂ ಅನುಮಾನ ಎಂದು ಅವಳ ಲೆಕ್ಕ ಹೇಳುತ್ತಿತ್ತು.

"ಇವತ್ತು ಊರತುಂಬ ನೂರಾ ಹತ್ತು ಸಲ ನೆಲ ಕುಸೀತು ಅಂತ ನಿಮ್ಮ ಯಂತ್ರ ಕೂಗ್ಯದ," ಎಂದರು ಇನಾಮದಾರರು. "ನೂರಾ ಹತ್ತೂ ನಿಂಬೆಹಣ್ಣು. ಇನ್ನ ಕಮಾನಿನ ಮಾತು ಯಾರು ನಂಬ್ತಾರ್ರಿ? ಇನ್ನೊಂದು ಸುಳ್ಳು ಎಚ್ಚರಿಕೆಗೆ ಎಲ್ಲಾ ಕಾರು ನಿಂತ್ರ, ಈ ಕಿವಿಗಳನ್ನೆಲ್ಲ ಗಾಲಿಯಿಂದ ಕೀಳಿಸ್ರಿ ಅಂತ ಮೇಲಿನಿಂದ ಹೇಳ್ಯಾರ. ನಾನು ನಿಮ್ಮ ಪರವಾಗೇ ಇದ್ದೀನಿ. ಆದ್ರ ಏನಾದ್ರೂ ಒಂದು ದಾರಿ ಹುಡುಕ್ರಿ."

ಹುಡುಕಿದಳು. ತನ್ನ ಕೈಯಾರೆ ಒಂದು ನಿಯಮ ಬರೆದಳು: ನಿಂತಿದ್ದ ಕಾರು ಹೊರಟ ಮೊದಲ ಗಳಿಗೆಯಲ್ಲಿ ಸದ್ದು ಬಂದರೆ ಅದು ನಿಂಬೆ, ಓಡುವಾಗ ಬಂದರೆ ನೆಲ. ನಿಂಬೆ ಎಂದಾದರೆ ಗಂಟೆ ಬಾರಿಸಬಾರದು, ಕಾರು ನಿಲ್ಲಿಸಬಾರದು, ಪಟ್ಟಿಯಲ್ಲಿ ಬರೆದುಕೊಂಡು ಸುಮ್ಮನಿರಬೇಕು. ಬರೆಯುವಾಗ ಅವಳಿಗೆ ತನ್ನ ಮಗುವಿನ ಕಿವಿಗೆ ತಾನೇ ಹತ್ತಿ ತುರುಕಿದ ಹಾಗಾಯಿತು. ಕೆಂಪು ಚುಕ್ಕೆಗಳು ಆರಿದವು, ಪುಣೆಯವರು ಹೊರಟರು, ಇನಾಮದಾರರು ಪ್ರಸಾದ ಕೊಟ್ಟು ತಮ್ಮ ಕೋಣೆಗೆ ಹೋದರು. ಪರದೆಯ ಬದಿಯಲ್ಲಿ ಪಟ್ಟಿ ಮಾತ್ರ ಬೆಳೆಯುತ್ತ ಹೋಯಿತು: ನಿಂಬೆ, ನಿಂಬೆ, ನಿಂಬೆ.

ಒಂದು ಗಂಟೆಯ ಹೊತ್ತಿಗೆ ಹಸಿವಾಯಿತು. ಬುತ್ತಿ ತೆಗೆಯಲು ಚೀಲಕ್ಕೆ ಕೈ ಹಾಕಿದಳು. ಕಣ್ಣು ಪಟ್ಟಿಯ ಕಡೆಗಿತ್ತು. ಹೊಸ ಸಾಲು ಬಂತು: ಕಾರು ೧೧೭, ಹಕೀಮ ಕಮಾನು, ನಿಂಬೆ.

'ಇಟ್ಟೇಬಿಟ್ರಲ್ಲ ಮಾರಾಯರು' ಎಂದು ಮೈಯೆಲ್ಲ ಉರಿಯಿತು. ಹಳೇ ಕಾಲದಲ್ಲಿ ಊರೊಳಗಿನ ಬಸ್ಸುಗಳು ಆ ಕಮಾನಿನ ಹತ್ತಿರದಿಂದಲೇ ಹೊರಡುತ್ತಿದ್ದವು. ಮಾವ ವರ್ಷಾ ನಿಂಬೆಹಣ್ಣು ಇಡುತ್ತಿದ್ದುದೂ ಅಲ್ಲೇ. ಹಟ ಸಾಧಿಸಿಬಿಟ್ಟರು ಎಂದುಕೊಳ್ಳುತ್ತಿರುವಾಗ ಚೀಲದೊಳಗಿನ ಅವಳ ಕೈಗೆ ವಸ್ತ್ರದ ಗಂಟು ಸಿಕ್ಕಿತು. ಗುಂಡಗೆ, ಗಟ್ಟಿಯಾಗಿ, ನಾಲ್ಕು.

ಹಸಿವು ಎಲ್ಲಿ ಹೋಯಿತೋ.

"ರೇಷ್ಮಾ, ಕಮಾನಿನ ಕ್ಯಾಮೆರಾ ಹಾಕು."

ಹಾಕಿದಳು. ಪರದೆಯ ತುಂಬ ಕೇಸರಿ ಬಣ್ಣ. ಕ್ಯಾಮೆರಾದ ಕಂಬಕ್ಕೂ ಪೂಜೆಯಾಗಿತ್ತು. ಚೆಂಡುಹೂವಿನ ಎಸಳುಗಳ ನಡುವೆ ಒಂದಿಷ್ಟು ಬಾಳೆಎಲೆ ಕಂಡಿತೇ ಹೊರತು ಕಮಾನು ಕಾಣಲಿಲ್ಲ. ಫೋನು ಮಾಡಿ ಉಪಯೋಗವಿಲ್ಲ. ಸ್ಟಿಯರಿಂಗ್ ಹಿಡಿದಾಗ ರೇವಣಸಿದ್ದಪ್ಪನವರು ಯಮ ಕರೆದರೂ ಫೋನು ಎತ್ತುವವರಲ್ಲ. ಮಹಾನಂದಾ ಕಾರಿನ ದನಿಯ ದಾರಿ ತೆರೆದಳು.

"ಮಾವಾರ, ನಾನು ಮಹಾನಂದಾ. ಈಗ ಗಾಲಿಗೆ ನಿಂಬಿಹಣ್ಣ ಇಟ್ರೇನು?"

ಸಂತೆಯ ಗದ್ದಲ ಕೇಳಿತು, ಉತ್ತರ ಕೇಳಲಿಲ್ಲ.

"ಮಾವಾರ."

"ತಡೀ ಅವ್ವಾ," ಎಂದರು ಗೌರಾಬಾಯಿ. "ರೇವಣ್ಯಾ, ನಿಂಬಿಹಣ್ಣ ಇಟ್ಟೀ ಏನಂತ ಕೇಳ್ತಾಳ." ಏನೋ ಗೊಣಗಾಟ. "ಅವ ಮಾತಾಡೂದಿಲ್ಲಂತ. ಕದ್ದಾರ್ನ ಕೇಳಂತಾನ."

"ಅತ್ಯಾರ, ಜಗಳಾ ಆಮ್ಯಾಲ ಆಡೂನು. ಸಂತ್ಯಾಗ ಬ್ಯಾರೆ ಹಣ್ಣು ತಗೊಂಡು ಇಟ್ರೇನು? ಅದೊಂದು ಹೇಳ್ರಿ."

ಈಗ ಮಾವನೇ ಮಾತಾಡಿದರು, ಆದರೆ ಅಕ್ಕನಿಗೆ: "ದೇವರ ಮುಂದ ಇಡದ ಹಣ್ಣು ಗಾಲಿಗೆ ಇಡಾಕ ನಾ ಏನು ನಿನ್ನೆ ಲೈಸನ್ಸ್ ತಗೊಂಡಾಂವೇನು ಅಂತ ಹೇಳಕ್ಕಾ. ನೀ ಹೂವು ತಗೊಂಡಿ, ನಾ ಗಾಡಿ ಬಿಟ್ಟೆ, ಕೆಳಗ ಟಪ್ ಅಂತು. ಮಂದಿ ಅಡ್ಡ ಬಂದ್ರು, ನಿಲ್ಲಿಸೀನಿ. ಇಷ್ಟ ಆಗಿದ್ದು."

"ನೀವು ಕಮಾನಿನ ಕೆಳಗ ಅದೀರೇನು?"

"ನಟ್ಟನಡುವ," ಎಂದರು ಗೌರಾಬಾಯಿ. "ಮ್ಯಾಲಿಂದ ಸುಣ್ಣ ಉದುರಾಕತ್ತೈತಿ ನೋಡು, ಸೀರಿಮ್ಯಾಲೆಲ್ಲ."

ಬಾಗಿಲಲ್ಲಿ ಇನಾಮದಾರರು ನಿಂತಿದ್ದರು. ಯಾವಾಗ ಬಂದಿದ್ದರೋ. "ಒಬ್ಬರು ಅಜ್ಜನ ಮಾತು ನಂಬಿ ಎಚ್ಚರಿಕೆ ಕೊಡಬ್ಯಾಡ್ರಿ. ಸುಳ್ಳಾದ್ರ ನಿಮ್ಮ ಹತ್ತು ವರ್ಷದ ಕೆಲಸ ಮುಗೀತು."

ಮಹಾನಂದಾ ಗಂಟನ್ನು ಮೇಜಿನ ಮೇಲೆ ಬಿಚ್ಚಿದಳು. ನಾಲ್ಕು ಹಣ್ಣು ಉರುಳಿದವು. "ಅವರ ನಿಂಬಿಹಣ್ಣು ಇಲ್ಲೈತ್ರಿ ಸರ್," ಎಂದವಳೇ ಎಚ್ಚರಿಕೆ ಒತ್ತಿದಳು. ರೇಷ್ಮಾ ಹೇಳಿಸಿಕೊಳ್ಳದೆಯೇ ಪೊಲೀಸರಿಗೂ ಅಗ್ನಿಶಾಮಕದವರಿಗೂ ಫೋನು ಹಚ್ಚಿದ್ದಳು.

ಪೇಟೆಯ ಕಾರುಗಳೆಲ್ಲ ಇದ್ದಲ್ಲೇ ನಿಂತವು. ಅವಳೇ ಬರೆದ ನಿಯಮ. ಅದರ ಪ್ರಕಾರ ನೂರಾ ಹದಿನೇಳೂ ಕಮಾನಿನ ಕೆಳಗೇ ಕದಲದೆ ನಿಂತಿತು. 'ನನ್ನ ಬುದ್ಧಿಗಿಷ್ಟು' ಎಂದು ಬೈದುಕೊಳ್ಳುತ್ತ ಆ ಒಂದು ಕಾರಿನ ಬೀಗವನ್ನೂ ವೇಗದ ಮಿತಿಯನ್ನೂ ತೆಗೆದಳು. ಆಮೇಲೆ ಇನ್ನೊಂದು ತೆಗೆದಳು.

"ಮಾವಾರ, ಕಮಾನು ಬೀಳಾಕತ್ತೈತಿ. ಮದ್ಲ ಮಂದೀನ ಹೊರಗ ಹಾಕಬೇಕು. ನಿಮ್ಮ ಕಾರಿಗೆ ಹಾರ್ನ್ ಬಿಟ್ಟೀನಿ. ಸ್ಟಿಯರಿಂಗಿನ ಎಡಕ್ಕೈತಿ."

"ಖರೇನ?" ಎಂದರು ಮಾವ. ಮಾತು ಬಿಟ್ಟದ್ದು ಮರೆತೇಹೋಗಿತ್ತು.

ಎರಡು ಉದ್ದ, ಒಂದು ಗಿಡ್ಡ. ಬಸ್ಸು ಹೊರಟಿತು ಎಂದು ಮೂವತ್ನಾಲ್ಕು ವರ್ಷ ಅದೇ ಕಮಾನಿನ ಕೆಳಗೆ ಬಾರಿಸಿದ ಹಾರ್ನು. ಹತ್ತು ತಿಂಗಳಿಂದ ಹಾರ್ನೇ ಕೇಳದ ಪೇಟೆ ಒಂದು ಗಳಿಗೆ ಬಾಯಿ ಮುಚ್ಚಿತು. ಅದರ ಮೇಲೆ ಮಾವನ ದನಿ: "ಕಮಾನಿನ ಕೆಳಗ ಯಾರೂ ನಿಂದರಬ್ಯಾಡ್ರಿ. ಕಲ್ಲು ಬೀಳಾಕತ್ತೈತಿ. ಮುಂದಿನಾರು ಮುಂದ, ಹಿಂದಿನಾರು ಹಿಂದ. ನಡೀರಿ, ನಡೀರಿ."

ಕಾಲಿನ ಸದ್ದು, ಕೂಗಾಟ. "ಗಂಡಸೂರು ಹೊಂಟ್ರು," ಎಂದರು ಮಾವ. "ಹೂವಿನಾಕ್ಯಾರು ಬುಟ್ಟಿ ಬಿಟ್ಟು ಏಳವಲ್ರು."

"ಸರೀ, ನಾ ಏಳಸ್ತೀನಿ," ಎಂದ ಗೌರಾಬಾಯಿ ಕಾರಿನ ಬಾಗಿಲು ತೆಗೆದ ಸದ್ದು ಕೇಳಿತು. ಮರುಗಳಿಗೆ ಹತ್ತಾರು ಹೆಂಗಸರು ಒಟ್ಟಿಗೇ ಕಿರುಚಿದರು. ಏನಾಯಿತೆಂದು ಮಹಾನಂದಾಳಿಗೆ ಆಮೇಲೆ ಗೊತ್ತಾಯಿತು. ಎಂಬತ್ತು ವರ್ಷದ ಮುದುಕಿ ಎಲ್ಲಕ್ಕಿಂತ ದೊಡ್ಡ ಹೂವಿನ ಬುಟ್ಟಿ ಬಾಚಿಕೊಂಡು ಓಡಿದ್ದರು, ಹೂವಿನವರೆಲ್ಲ "ಕಳ್ಳಿ, ಹಿಡೀರಿ" ಎಂದು ಬೆನ್ನು ಹತ್ತಿದ್ದರು. ಹೀಗೆ ಕಮಾನಿನ ಅಡಿ ಬರಿದಾಯಿತು.

"ಎಲ್ಲಾರೂ ಹೋದ್ರೇನ್ರಿ ಮಾವಾರ?"

"ಹೋದ್ರು."

"ನೀವೂ ಇಳದು ಓಡ್ರಿ."

"ಗಾಡಿ ಬಿಟ್ಟು ಓಡಾಂವ ನಾ ಅಲ್ಲ. ಮುಂದ ಬುಟ್ಟಿ ಬಿದ್ದಾವು, ಸರಿಸಿ ಬರ್ತೀನಿ ತಡಿ."

"ಬುಟ್ಟಿ ಮ್ಯಾಲೇ ಹಾಯಿಸ್ರಿ."

"ಹೂವಿನ ಮ್ಯಾಲ ಗಾಡಿ ಹಾಯಸ್ತಾರೇನವಾ ಹಬ್ಬದ ದಿನಾ? ಪಾಪದಾರು, ಬಂಡವಾಳ ಹಾಕಿರತಾರ."

ಹಲ್ಲು ಕಡಿದಳು. ಈ ಮನುಷ್ಯನಿಗೆ ವಾದದಿಂದ ಏನನ್ನೂ ಮಾಡಿಸಲಾಗದು ಎಂದು ಇಪ್ಪತ್ತೆರಡು ವರ್ಷದಿಂದ ಗೊತ್ತು. ತೀರಿಕೊಂಡ ಅತ್ತೆಗೂ ಗೊತ್ತಿತ್ತು. ಊಟಕ್ಕೆ ಏಳದ ಗಂಡನನ್ನು, ಮದುವೆಮನೆಯಿಂದ ಹೊರಡದ ಗಂಡನನ್ನು ಅತ್ತೆ ಒಂದೇ ಮಾತಿನಲ್ಲಿ ಎಬ್ಬಿಸುತ್ತಿದ್ದರು. ಕಂಡಕ್ಟರನ ಮಾತು ಅದು. ಅದು ಕಿವಿಗೆ ಬಿದ್ದರೆ ಮಾವನ ಕಾಲು ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ.

ಮಹಾನಂದಾ ಮೇಜನ್ನು ಅಂಗೈಯಿಂದ ಎರಡು ಸಲ ಬಡಿದಳು. "ರೈಟ್. ರೈಟ್."

ಕಾರು ಹೊರಟಿತು. ಗಾಲಿಯ ಕಿವಿಗಳು ಬುಟ್ಟಿ ಮುರಿದದ್ದನ್ನು ಹೇಳಿದವು, ಆಮೇಲೆ ಟಪ್, ಟಪ್, ಟಪ್ ಎಂದು ಬೆನ್ನುಬೆನ್ನಿಗೆ ಹೇಳಿದವು, ಆಮೇಲೆ ಒಂದು ಸದ್ದು ಬಂತು, ಅದರ ಹಿಂದೆ ಏನೂ ಬರಲಿಲ್ಲ. ನಕ್ಷೆಯ ಮೇಲೆ ನೂರಾ ಹದಿನೇಳರ ಚುಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಕೊಠಡಿಯ ಕಿಟಕಿ ಗಾಜು ನಡುಗಿತು.

ರೇಷ್ಮಾ ತುಟಿ ಅಲ್ಲಾಡಿಸುತ್ತ ಏನೋ ಹೇಳಿಕೊಳ್ಳುತ್ತಿದ್ದಳು. ಇನಾಮದಾರರು ಕುರ್ಚಿ ಹುಡುಕಿ ಕೂತರು. ಮಹಾನಂದಾ ನಾಲ್ಕು ನಿಂಬೆಹಣ್ಣನ್ನು ನೋಡುತ್ತ ನಿಂತಳು. ಕೊಟ್ಟುಬಿಡಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಕೊಟ್ಟಿದ್ದರೆ ಅದೇ ಕಮಾನಿನ ಕೆಳಗೆ ಇಡುತ್ತಿದ್ದರು, ಟಪ್ ಎಂಬುದು ನಿಂಬೆಯೋ ನೆಲವೋ ಯಾರಿಗೂ ತಿಳಿಯುತ್ತಿರಲಿಲ್ಲ, ನೂರು ಮಂದಿ ಹೋಗುತ್ತಿದ್ದರು. ಇದೆಲ್ಲ ಗೊತ್ತಿದ್ದೂ, ಮುದುಕ ಮನುಷ್ಯ ಕೇಳಿದ್ದು ನಾಲ್ಕು ನಿಂಬೆಹಣ್ಣು, ಕೊಟ್ಟುಬಿಡಬೇಕಿತ್ತು ಎಂದೇ ಅನ್ನಿಸಿತು. ಒಂದು ನಿಮಿಷ. ಎರಡು ನಿಮಿಷ. ಮೂರು.

'ಟಿಣ್' ಎಂದಿತು ಸಹಾಯದ ಗಂಟೆ.

"ಸರೀರೋ ಅತ್ಲಾಗ," ಎಂದಿತು ದನಿ, ಧೂಳಿಗೆ ಕೆಮ್ಮುತ್ತ. "ಗಾಡಿ ಮುಂದ ನಿಂತು ಫೋಟೋ ತಗೀಬ್ಯಾಡ್ರಿ."

ಬೆಳಗಿನಿಂದ ಇಪ್ಪತ್ತಾರು ಸಲ ಅವಳ ಜೀವ ಹಿಂಡಿದ್ದ ಗಂಟೆ ಅದು. ಮಹಾನಂದಾ ಕುಸಿದು ಕೂತು ಅತ್ತುಬಿಟ್ಟಳು.

ಮರುದಿನ ಸಂಜೆ ಬನ್ನಿ ಹಂಚುವ ಹೊತ್ತು. ಪಡಸಾಲೆಯ ತುಂಬ ಮಂದಿ. ಬನ್ನಿಯ ಜೊತೆ ಕಮಾನು ಬಿದ್ದ ಕಥೆಯನ್ನೂ ಕೇಳಿಕೊಂಡು ಹೋಗಲು ಬಂದವರು. ಒಬ್ಬರಿಗೂ ಗಾಯವಿರಲಿಲ್ಲ. ಕಾರಿನ ಹಿಂಭಾಗ ಮಾತ್ರ ಚಪ್ಪಟೆಯಾಗಿತ್ತು. ಹೂವಿನವರು ಬೆಳಗ್ಗೆಯೇ ಬಂದು, ತಾವು ಕಳ್ಳಿ ಎಂದು ಬೈದ ಗೌರಾಬಾಯಿಗೆ ಮಾರುದ್ದದ ದಂಡೆ ಮುಡಿಸಿ ಹೋಗಿದ್ದರು. ಇನಾಮದಾರರು ವರದಿ ಬರೆಯುತ್ತಿದ್ದರು; ಸದ್ದು ನಿಜವೆಂದು ಹೇಗೆ ಗೊತ್ತಾಯಿತು ಎಂಬ ಕಡೆ 'ನಿಂಬೆಹಣ್ಣು ಸೊಸೆಯ ಚೀಲದಲ್ಲಿತ್ತು' ಎಂದು ಬರೆದರೆ ನಡೆಯುತ್ತದೆಯೇ ಎಂದು ಎರಡು ಸಲ ಫೋನು ಮಾಡಿದ್ದರು.

ರೇವಣಸಿದ್ದಪ್ಪನವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಿಂಬಿಹಣ್ಣ ಇಡಾಕ ಬಿಡಲಿಲ್ಲ ನೋಡ್ರಿ. ಅದಕ್ಕ ಕಮಾನು ಬಿತ್ತು."

"ನಿಂಬಿಹಣ್ಣ ಇಡಲಿಲ್ಲಂತ ನೀವು ಉಳದ್ರಿ ಮಾವಾರ," ಎಂದು ಮಹಾನಂದಾ ಒಳಗಿನಿಂದ ಹನ್ನೊಂದನೇ ಸಲ ಹೇಳಿದಳು.

"ಅದೂ ಖರೆ ಇರಬಹುದು," ಎಂದರು ಮಾವ, ಒಪ್ಪದ ದನಿಯಲ್ಲಿ.

ಮಂದಿ ಕರಗಿದ ಮೇಲೆ ಅವಳು ಬನ್ನಿ ಕೊಟ್ಟು ಕಾಲಿಗೆರಗಿದಳು. "ಬಂಗಾರದಂಗ ಇರೂಣವಾ," ಎಂದು ತಲೆ ಮುಟ್ಟಿದರು. ಅವಳು ವಸ್ತ್ರದ ಗಂಟನ್ನು ಅವರ ಮುಂದಿಟ್ಟಳು. ಹಣ್ಣು ಸ್ವಲ್ಪ ಬಾಡಿದ್ದವು.

"ಬರೂ ವರ್ಷ ಇಡಲ್ಯೋ ಬ್ಯಾಡೊ?" ಮಾವ ಅವಳನ್ನು ಏನಾದರೂ ಕೇಳಿ ಮಾಡುತ್ತೇನೆ ಎಂದದ್ದು ಅದೇ ಮೊದಲು.

"ಇಡ್ರಿ. ಎಲ್ಲಾರಿಗೂ ಇಡಾಕ ಹೇಳೀನಿ. ಇಡೂಕಿಂತ ಮದ್ಲ ಆ ಗುಂಡಿ ಒತ್ತಿ ನನಗ ತಿಳಿಸಿ ಇಡ್ರಿ, ಯಂತ್ರಕ್ಕ ಬರದಿಡ್ತೀನಿ. ಅಂದಂಗ, ಆ ನಡುವಿನ ಗುಂಡಿ ಹಾರ್ನ್ ಅಲ್ರಿ ಮಾವಾರ."

ರೇವಣಸಿದ್ದಪ್ಪನವರು ಒಂದು ಹಣ್ಣು ಎತ್ತಿ ಕುಂಕುಮ ಒರೆಸಿದರು.

"ಗೊತ್ತೈತಿ ಬಿಡು. ಮೂವತ್ನಾಕು ವರ್ಷ ಗಾಡಿ ಹೊಡದಾಂವಗ ಹಾರ್ನ್ ಯಾವದು ತಿಳಿಯಂಗಿಲ್ಲೇನು?"

"ಮತ್ತ ನಿನ್ನೆ ಮುಂಜಾನಿಂದ ಯಾಕ ಒತ್ತಿದ್ರಿ?"

"ನಿನ್ನ ಜೋಡಿ ಮಾತು ಬಿಟ್ಟಿದ್ನಲ್ಲ," ಎಂದರು ಮಾವ. "ಹೊತ್ತು ಹೋಗಲಿಲ್ಲ."